ಬೀಗದ ಕೈ ಸಮೇತ

ಹಿಂದಿನ ಕಾಲದ ತುಂಬಿದ ಮನೆಗಳಿಗೆ ಸೊಸೆಯಾಗಿ ಬಂದವಳಿಗೆ "ಇದು ನಿನ್ನದೇ ಮನೆ ಕಣಮ್ಮ" ಎಂದು ಹೇಳುವವರು ಬಹಳ ಮಂದಿ ಇರುತ್ತಿದ್ದರು. ಮಾತೇನೋ ಸುಳ್ಳಲ್ಲ. ಆದರೆ ಉಗ್ರಾಣದ ಬೀಗದ ಕೈ ಮಾತ್ರ ಅತ್ತೆಯ ಸೊಂಟದಲ್ಲೇ ಇರುತ್ತಿತ್ತು. ಒಂದು ಪಾವು ಅಕ್ಕಿ ಹೆಚ್ಚಿಗೆ ಬೇಕಾದರೂ ಕೇಳಿಯೇ ತೆಗೆಸಬೇಕು. ತವರಿನಿಂದ ತಮ್ಮ ಬಂದರೆ ಅವನಿಗೆ ಒಂದು ತುಂಡು ಬೆಲ್ಲ ಕೊಡುವುದಕ್ಕೂ ಅತ್ತೆಯ ಮುಖ ನೋಡಬೇಕು. ವರ್ಷಗಳು ಕಳೆದು ಆ ಗೊಂಚಲು ಕೈ ಬದಲಾಯಿಸಿದ ದಿನವೇ ಮನೆ ನಿಜವಾಗಿ ಅವಳದಾಗುತ್ತಿದ್ದದ್ದು. ಅದಕ್ಕೆ ಯಾವ ಕಾಗದ ಪತ್ರವೂ ಇರಲಿಲ್ಲ, ಆದರೆ ಮನೆಯವರಿಗೆಲ್ಲ ಅರ್ಥವಾಗುತ್ತಿತ್ತು.

ಕೊಡುವುದು ಬೇರೆ, ಬೀಗದ ಕೈ ಸಮೇತ ಕೊಡುವುದು ಬೇರೆ. ಈ ವ್ಯತ್ಯಾಸವನ್ನು ಈಚೆಗೆ ನನಗೆ ಮತ್ತೆ ಯೋಚಿಸುವಂತೆ ಮಾಡಿದ್ದು ಒಂದು ಹಳೆಯ ಕಂಪ್ಯೂಟರು. ಕಂಪ್ಯೂಟರು ಎಂದ ಕೂಡಲೇ ಪುಟ ತಿರುವಿಬಿಡಬೇಡಿ. ನಾನು ಬಿ.ಎ., ಬಿ.ಎಡ್. ಮಾಡಿಕೊಂಡು ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಹೇಳಿಕೊಡುವವಳು. ಆ ಪೆಟ್ಟಿಗೆಯ ಒಳಗಿನ ವಿಷಯ ನಿಮಗೆಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತು.

ನಮ್ಮ ಮನೆಗೆ ಅದು ಬಂದದ್ದು 2004ರಲ್ಲಿ. ನಾನು ಎತ್ತಿದ ಚೀಟಿಯ ಹಣಕ್ಕೆ ನಮ್ಮ ಮನೆಯವರು ಇನ್ನಷ್ಟು ಸೇರಿಸಿ, ಊರಿನ ಅಂಗಡಿಯಲ್ಲಿ ಬಿಡಿ ಭಾಗಗಳನ್ನು ಜೋಡಿಸಿ ಕೊಟ್ಟದ್ದನ್ನು ಆಟೋದಲ್ಲಿ ತಂದಿದ್ದರು. ಪೆಂಟಿಯಂ 4, 40 ಜಿ.ಬಿ. ಹಾರ್ಡ್ ಡಿಸ್ಕ್, 256 ಎಂ.ಬಿ. ರ್‍ಯಾಮ್ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಆಯುಧಪೂಜೆಯ ದಿನ ಸ್ಕೂಟರಿನ ಜೊತೆಗೆ ಅದಕ್ಕೂ ಕುಂಕುಮ, ಒಂದು ಚೆಂಡು ಹೂವು. ಮಗಳು ಅದರ ಮುಂದೆ ಕೂತು ಕಲಿತು ಎಂಜಿನಿಯರಾಗಿ ಬೆಂಗಳೂರಿಗೆ ಹೋದಳು. ಗಾಜಿನ ದೊಡ್ಡ ಮಾನಿಟರು ಒಂದು ದಿನ ಆರಿಹೋಯಿತು. ಉಳಿದ ಪೆಟ್ಟಿಗೆ ಹಳೆಯ ಸೀರೆ ಹೊದ್ದುಕೊಂಡು ಮಹಡಿಯ ಮೂಲೆ ಸೇರಿತು.

2024ರ ಬೇಸಿಗೆ ರಜೆಯಲ್ಲಿ ಮಹಡಿ ಗುಡಿಸುವಾಗ ಗುಜರಿಯವನನ್ನು ಕರೆದೆವು. ಅವನು ಪೆಟ್ಟಿಗೆಯನ್ನು ಎತ್ತಿ ತೂಕ ನೋಡಿ, "ಕೆಟ್ಟಿದೆಯಾ ಅಮ್ಮ?" ಎಂದು ಕೇಳಿದ.

ಸುಲಭದ ಪ್ರಶ್ನೆ. ಉತ್ತರ ಮಾತ್ರ ಸುಲಭವಾಗಿರಲಿಲ್ಲ. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಹಸಿರು ದೀಪ ಹತ್ತುತ್ತಿತ್ತು. ಸವೆದದ್ದು ಯಾವುದೂ ಕಾಣುತ್ತಿರಲಿಲ್ಲ. ಆದರೆ ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿ ಎಂಬುದು 2001ರಲ್ಲಿ ಬಂದದ್ದು. ಅದನ್ನು ಮಾಡಿದವರು 2014ರ ಏಪ್ರಿಲ್ 8ರಿಂದ ಅದರ ರಿಪೇರಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಅದನ್ನು ಇಂಟರ್ನೆಟ್ಟಿಗೆ ಸೇರಿಸುವುದು ಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದ ಹಾಗೆ. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡರು ಎಂಬುದನ್ನೂ ಹೇಳಬೇಕು, ಅವರನ್ನು ಬೈಯುವುದು ನನ್ನ ಉದ್ದೇಶವಲ್ಲ. ನನ್ನನ್ನು ಕಾಡಿದ್ದು ಬೇರೆ. ನನ್ನ ಚೀಟಿ ಹಣದಲ್ಲಿ ಬಂದ, ಇನ್ನೂ ನಡೆಯುವ ವಸ್ತುವಿಗೆ 'ನಿನ್ನ ಆಯುಸ್ಸು ಮುಗಿಯಿತು' ಎಂದು ಹೇಳುವ ಅಧಿಕಾರ ಯಾರದು?

ಇಲ್ಲಿ ಕಲಾಯಿಯ ಮಾತು ಹೇಳಬೇಕು. ಹಿತ್ತಾಳೆ ಪಾತ್ರೆಯ ಒಳಗಿನ ತವರದ ಲೇಪ ಸವೆದುಹೋದರೆ ಹುಳಿ ಸಾರು ಕಿಲುಬು ಹತ್ತುತ್ತದೆ, ಉಂಡವರಿಗೆ ಕೆಡುಕು. ಹಾಗೆಂದು ನಮ್ಮ ಅಜ್ಜಿಯರು ಪಾತ್ರೆ ಎಸೆಯುತ್ತಿರಲಿಲ್ಲ. ಕಲಾಯಿಯವನು ಬೀದಿಗೆ ಬಂದಾಗ ಎಲ್ಲ ಮನೆಯ ಪಾತ್ರೆಗಳೂ ಹೊರಗೆ ಬರುತ್ತಿದ್ದವು. ಅವನು ತಿದಿ ಒತ್ತಿ, ನವಸಾಗರ ಉಜ್ಜಿ, ತವರ ಸವರಿ ಕೊಟ್ಟರೆ ಪಾತ್ರೆಗೆ ಮತ್ತೆ ಹೊಸ ಜೀವ. ಕಂಪ್ಯೂಟರಿನ ಕಬ್ಬಿಣ, ಚಿಪ್ಪುಗಳು ಪಾತ್ರೆಯಾದರೆ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಎಂಬುದು ಕಲಾಯಿ. ಕಲಾಯಿ ಹೋದದ್ದಕ್ಕೆ ನಾವು ಪಾತ್ರೆಯನ್ನೇ ಗುಜರಿಗೆ ಹಾಕಲು ಹೊರಟಿದ್ದೆವು. ಆ ಗುಜರಿಯೂ ನಿರಪಾಯದ ಜಾಗವಲ್ಲ. ದೆಹಲಿಯ ಸೀಲಂಪುರದಂಥ ಕಡೆಗಳಲ್ಲಿ ಇಂಥ ಪೆಟ್ಟಿಗೆಗಳನ್ನು ಒಡೆದು, ತಂತಿ ಸುಟ್ಟು, ಸೀಸದ ಹೊಗೆ ಕುಡಿಯುವವರಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ.

ಊರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೋಡಿ ಹೇಳಿದ: "ಕೊಡಬೇಡಿ ಮೇಡಂ. ಲಿನಕ್ಸ್ ಹಾಕೋಣ. ದುಡ್ಡಿಲ್ಲ, ಪುಕ್ಕಟೆ."

ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ನಮ್ಮಲ್ಲಿ ಇದೆಯಾದರೂ, ಪುಕ್ಕಟೆ ಎಂದರೆ ನನಗೆ ಮೊದಲಿನಿಂದ ಅನುಮಾನ. ಯಾರು ಕೊಡುತ್ತಾರೆ, ಏಕೆ ಕೊಡುತ್ತಾರೆ ಎಂದು ಕೇಳಿದೆ. ಅವನು ಹೇಳಿದ್ದು ಸ್ವಲ್ಪ, ನಾನು ಆಮೇಲೆ ಓದಿಕೊಂಡದ್ದು ಸ್ವಲ್ಪ. ಆ ಕಥೆ ಪಠ್ಯಪುಸ್ತಕದಲ್ಲಿ ಇರಬೇಕಾಗಿತ್ತು ಎನ್ನಿಸಿತು.

1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಒಂದು ಪ್ರಯೋಗಾಲಯಕ್ಕೆ ಹೊಸ ಪ್ರಿಂಟರು ಬಂತು. ಅದರಲ್ಲಿ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ರಿಚರ್ಡ್ ಸ್ಟಾಲ್‌ಮನ್ ಎಂಬಾತ, ಕಾಗದ ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಒಂದು ಚಿಕ್ಕ ಮಾರ್ಪಾಡು ಮಾಡಲು ಹೊರಟ. ಹಳೆಯ ಪ್ರಿಂಟರಿಗೆ ಅವನೇ ಹಾಗೆ ಮಾಡಿದ್ದ. ಆದರೆ ಹೊಸದರ ಆದೇಶಗಳ ಮೂಲಪ್ರತಿ ಅವನಿಗೆ ಸಿಗಲಿಲ್ಲ. ಅದು ಇದ್ದವರ ಬಳಿ ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಪ್ರಿಂಟರು ಅವರ ಕೋಣೆಯಲ್ಲೇ ಇದೆ, ಆದರೆ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ! 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್ ಗ್ನೂ ಎಂಬ ಯೋಜನೆ ಪ್ರಕಟಿಸಿದ. ಯಾರು ಬೇಕಾದರೂ ಬಳಸಬಹುದಾದ, ತೆರೆದು ನೋಡಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶ ಕಟ್ಟುವುದು ಅದರ ಗುರಿ. 1989ರಲ್ಲಿ ಅದಕ್ಕೊಂದು ಕರಾರು ಬರೆದ. ಆ ಕರಾರಿನ ತಿರುಳು ಇಷ್ಟೇ: ನಿನಗೆ ಯಾವ ಸ್ವಾತಂತ್ರ್ಯದೊಡನೆ ಇದು ಸಿಕ್ಕಿತೋ, ಮುಂದೆ ಕೊಡುವಾಗ ಅದೇ ಸ್ವಾತಂತ್ರ್ಯದೊಡನೆ ಕೊಡು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಹುಡುಗ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಮಿನ ಹೃದಯಭಾಗ ಬರೆದ. ಮರುವರ್ಷ ಅದನ್ನೂ ಅದೇ ಕರಾರಿನ ಕೆಳಗೆ ಬಿಟ್ಟುಕೊಟ್ಟ. ಇವೆಲ್ಲವನ್ನೂ ಒಟ್ಟುಗೂಡಿಸಿ, ಮನೆಯಲ್ಲಿ ಹಾಕಿಕೊಳ್ಳುವ ಹಾಗೆ ಮಾಡುವ ತಂಡಗಳು ಹುಟ್ಟಿಕೊಂಡವು. ಅವುಗಳಲ್ಲಿ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ್ದು ಡೆಬಿಯನ್. ಹೆಸರಿನ ಗುಟ್ಟು ಕೇಳಿದರೆ ನಿಮಗೆ ನಗು ಬರಬಹುದು. ತಾನು ಪ್ರೀತಿಸಿದ ಡೆಬ್ರಾಳ ಹೆಸರಿನ ಮೊದಲ ಭಾಗಕ್ಕೆ ತನ್ನ ಇಯಾನ್ ಸೇರಿಸಿ ಡೆಬಿಯನ್ ಮಾಡಿದ. ಇಯಾನ್ 2015ರಲ್ಲಿ ತೀರಿಕೊಂಡ. ಅವನು ಶುರು ಮಾಡಿದ್ದನ್ನು ಜಗತ್ತಿನ ಎಲ್ಲೆಲ್ಲೋ ಇರುವ, ಒಬ್ಬರ ಮುಖ ಒಬ್ಬರು ನೋಡದ ಎಷ್ಟೋ ಸ್ವಯಂಸೇವಕರು ನಡೆಸಿಕೊಂಡು ಬಂದಿದ್ದಾರೆ. ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದೂ ಇಂಥ ತಂತ್ರಾಂಶದ ಮೇಲೆಯೇ.

ಒಂದು ಭಾನುವಾರ ಹುಡುಗ ಮನೆಗೆ ಬಂದ. ಬೆಳಗಿನ ತಿಂಡಿ ಮುಗಿಸಿ ಕೂತದ್ದು ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುವವರೆಗೂ ನಡೆಯಿತು. ಪೆಟ್ಟಿಗೆ ತೆರೆದಾಗ ಇಪ್ಪತ್ತು ವರ್ಷದ ಧೂಳು. ನನ್ನ ಹಳೆಯ ಬಣ್ಣದ ಬ್ರಷ್ಷಿನಿಂದ ಅದನ್ನು ಗುಡಿಸಿದ. ಒಳಗಿದ್ದ ಎಂಟಾಣೆ ಅಗಲದ ಬ್ಯಾಟರಿ ಸತ್ತುಹೋಗಿತ್ತು. ಅದರಿಂದಾಗಿ ಯಂತ್ರಕ್ಕೆ ತಾರೀಖಿನ ನೆನಪೇ ಇರಲಿಲ್ಲ. ಪ್ರತಿ ಸಾರಿ ಹೊತ್ತಿಸಿದಾಗಲೂ 2003ರ ಜನವರಿ 1 ಎನ್ನುತ್ತಿತ್ತು. ಹೊಸ ಬ್ಯಾಟರಿ ಹಾಕಿದ. ತನ್ನ ಅಂಗಡಿಯಲ್ಲಿ ಬಿದ್ದಿದ್ದ 1 ಜಿ.ಬಿ. ರ್‍ಯಾಮ್ ಪಟ್ಟಿ, ಡಿ.ವಿ.ಡಿ. ಓದುವ ಒಂದು ಡ್ರೈವು, ಸೆಕೆಂಡ್ ಹ್ಯಾಂಡ್ ಚಪ್ಪಟೆ ಮಾನಿಟರು ತಂದಿದ್ದ. ಪೆನ್‌ಡ್ರೈವಿನಿಂದ ಶುರುವಾಗಲು ಆ ಹಳೆಯ ಯಂತ್ರ ಒಪ್ಪಲಿಲ್ಲ. ಡಿ.ವಿ.ಡಿ.ಗೆ ಒಪ್ಪಿತು.

ಹಾಕಿದ್ದು ಡೆಬಿಯನ್ 12. ಈ ತಂಡದವರು ತಮ್ಮ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಚಲನಚಿತ್ರಗಳ ಪಾತ್ರಗಳ ಹೆಸರಿಡುತ್ತಾರೆ. 2023ರ ಜೂನಿನಲ್ಲಿ ಬಂದ ಇದರ ಹೆಸರು 'ಬುಕ್‌ವರ್ಮ್', ಅಂದರೆ ಪುಸ್ತಕದ ಹುಳು. ಟೀಚರ ಮನೆಗೆ ತಕ್ಕ ಅತಿಥಿ ಎಂದು ನಮ್ಮ ಮನೆಯವರು ನಕ್ಕರು.

ತೆರೆಯ ಮೇಲೆ ಮೊದಲು ಬಂದದ್ದು ಭಾಷೆಗಳ ಪಟ್ಟಿ. ಹುಡುಗ ಬಾಣದ ಗುಂಡಿ ಒತ್ತುತ್ತ ಕೆಳಗೆ ಹೋದ. ಅಲ್ಲಿ ಕನ್ನಡ ಇತ್ತು, ಕನ್ನಡದ ಅಕ್ಷರದಲ್ಲೇ. ಅದನ್ನು ಆರಿಸಿದಾಗ, ಈ ಭಾಷೆಯ ಅನುವಾದ ಪೂರ್ತಿಯಾಗಿಲ್ಲ ಎಂಬ ಎಚ್ಚರಿಕೆಯೂ ಬಂತು. ನಿಜವೇ. ಮುಂದಿನ ಪುಟಗಳಲ್ಲಿ ಕೆಲವು ಸಾಲು ಕನ್ನಡ, ಕೆಲವು ಇಂಗ್ಲಿಷು. ಕನ್ನಡದ ಸಾಲುಗಳಲ್ಲಿ ಕೆಲವು ನನ್ನ ಕೆಂಪು ಪೆನ್ನಿಗೆ ಕೆಲಸ ಕೊಡುವಂಥವು. ಆದರೂ ನಾನು ಮೌನವಾಗಿ ಓದಿದೆ. ಯಾರೋ ಒಬ್ಬರು ಸಂಬಳವಿಲ್ಲದೆ ರಾತ್ರಿ ಕೂತು, ಯಾರು ಓದುತ್ತಾರೆಂದು ತಿಳಿಯದೆ, ಈ ಸಾಲುಗಳನ್ನು ಕನ್ನಡ ಮಾಡಿದ್ದಾರೆ. ಅದನ್ನು ನಾನು ನನ್ನ ಹಜಾರದಲ್ಲಿ ಕೂತು ಓದುತ್ತಿದ್ದೇನೆ. ಅದರಲ್ಲಿ ಬರುವ ಕನ್ನಡ ಅಕ್ಷರಶೈಲಿಗಳ ಹೆಸರು ನವಿಲು, ಗುಬ್ಬಿ! ಕೀಲಿಮಣೆಯ ವಿನ್ಯಾಸವಂತೂ ಕೆ.ಪಿ. ರಾವ್ ಅವರದು, ಶಾಲೆಯಲ್ಲಿ ನುಡಿ ತಂತ್ರಾಂಶ ಬಳಸಿ ಬೆರಳಿಗೆ ಅಭ್ಯಾಸವಾದದ್ದೇ. ಹಾಗಾಗಿ ಅಂದು ಸಂಜೆಯೇ ಒಂಬತ್ತನೇ ತರಗತಿಯ ಪ್ರಶ್ನೆಪತ್ರಿಕೆ ಟೈಪು ಮಾಡಲು ಕೂತೆ. ಒಂದು ತಿಂಗಳು ನನ್ನ ಬರವಣಿಗೆಯೆಲ್ಲ ಅದರಲ್ಲೇ ನಡೆಯಿತು. ನಿಧಾನ, ನಿಜ. ಇಂಟರ್ನೆಟ್ಟಿನ ದೊಡ್ಡ ಪುಟಗಳನ್ನು ತೆರೆಯುವಾಗ ಏದುಸಿರು ಬಿಡುತ್ತದೆ, ಸಿನಿಮಾ ನೋಡಲು ಆಗದು. ಬರೆಯಲು, ಲೆಕ್ಕ ಹಾಕಲು, ಕಲಿಯಲು ಏನೂ ಕೊರತೆಯಿಲ್ಲ.

ಹುಡುಗ ಬಿಡಿ ಭಾಗಗಳ ದುಡ್ಡು ಮಾತ್ರ ತೆಗೆದುಕೊಂಡ. ಕಲಾಯಿಯವನಿಗಾದರೆ ಪಾತ್ರೆಯ ಲೆಕ್ಕದಲ್ಲಿ ಕೂಲಿ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಈ ಹೆಸರು ತಿಳಿಯದವರ ಋಣವನ್ನು ತೀರಿಸುವುದು ಹೇಗೆ? ನಮ್ಮ ಹಿರಿಯರು ಮನುಷ್ಯ ಹುಟ್ಟುವಾಗಲೇ ಋಣ ಹೊತ್ತು ಬರುತ್ತಾನೆ ಎಂದರು. ಋಷಿಗಳ ಋಣವನ್ನು ಋಷಿಗಳಿಗೇ ಹಿಂತಿರುಗಿಸಲು ಆಗುವುದಿಲ್ಲ, ಓದಿ ಇನ್ನೊಬ್ಬರಿಗೆ ಹೇಳಿಕೊಡುವುದೇ ಅದರ ತೀರುವಳಿ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದು ಅರ್ಥವಾಗದ ಮಾತಲ್ಲ. ಸ್ಟಾಲ್‌ಮನ್ ಬರೆದ ಕರಾರೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ. ಹಿಂದಕ್ಕೆ ಕೊಡಬೇಡ, ಮುಂದಕ್ಕೆ ಕೊಡು.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಒಬ್ಬಾಕೆಯ ಮಗಳು ಆಗ ಪಿ.ಯು.ಸಿ.ಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಳು. ನನ್ನ ಶಿಷ್ಯೆಯೇ. ಕಾಲೇಜಿನ ಲ್ಯಾಬಿನಲ್ಲಿ ಒಂದು ಯಂತ್ರದ ಮುಂದೆ ಮೂವರು ಕೂರಬೇಕು, ಕೀಲಿಮಣೆ ಮುಟ್ಟುವ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ ಎನ್ನುತ್ತಿದ್ದಳು. ಕಂಪ್ಯೂಟರನ್ನು ಅವಳಿಗೆ ಕೊಡೋಣ ಎಂದುಕೊಂಡೆ. ಬೆಂಗಳೂರಿನಿಂದ ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಕೇಳಿದಳು: "ಅಮ್ಮಾ, ನಿನ್ನ ಮೊಮ್ಮಗಳಿಗೆ ಇದನ್ನ ಕೊಡ್ತಿದ್ಯಾ? ನಮಗೆ ಬೇಡದ ಡಬ್ಬ ಬಡವರ ಮನೆಗೆ ಹೋಗ್ಬೇಕು ಅನ್ನೋದು ಯಾವ ನ್ಯಾಯ? ಕರೆಂಟು ಬೇರೆ ಜಾಸ್ತಿ ತಿನ್ನುತ್ತೆ."

ಆ ಮಾತಿನಲ್ಲಿ ಹುರುಳಿತ್ತು. ಪೆಂಟಿಯಂ 4 ಈಗಿನ ಲ್ಯಾಪ್‌ಟಾಪಿಗಿಂತ ಹೆಚ್ಚು ವಿದ್ಯುತ್ ಕೇಳುತ್ತದೆ ಎಂಬುದು ಸತ್ಯ, ಆ ಬಿಲ್ಲು ಕಟ್ಟಬೇಕಾದವರು ಅವರು. ಅದಕ್ಕಿಂತ ದೊಡ್ಡದು ಮೊದಲಿನ ಪ್ರಶ್ನೆ. ನಮ್ಮಲ್ಲಿ ದಾನದ ಹೆಸರಿನಲ್ಲಿ ಎಷ್ಟೋ ಸಾರಿ ನಡೆಯುವುದು ಬೀರು ಖಾಲಿ ಮಾಡುವ ಕೆಲಸ. ಜಿಪ್ಪು ಕಿತ್ತ ಚೂಡಿದಾರ, ಕಾಲು ಅಲುಗಾಡುವ ಕುರ್ಚಿ, ಹಳಸುವುದಕ್ಕೆ ಅರ್ಧ ಗಂಟೆ ಇರುವ ಅನ್ನ. ಕೊಟ್ಟವರಿಗೆ ಪುಣ್ಯ, ತೆಗೆದುಕೊಂಡವರಿಗೆ ಕಸ. ಬೇಡ ಎನ್ನುವ ಹಕ್ಕೂ ಅವರಿಗೆ ಇರುವುದಿಲ್ಲ, ಏಕೆಂದರೆ ನಾಳೆ ನಮ್ಮ ಮನೆ ಬಾಗಿಲಿಗೆ ಬರಬೇಕಲ್ಲ.

ಹಾಗಾದರೆ ಹಳೆಯದನ್ನು ಮರ್ಯಾದೆಯಿಂದ ಕೊಡುವುದು ಸಾಧ್ಯವೇ ಇಲ್ಲವೇ? ನನ್ನ ಉತ್ತರಕ್ಕೆ ದಾರಿ ತೋರಿಸಿದ್ದು ಆ ಹುಡುಗಿಯ ತಾಯಿ. ವಿಷಯ ಹೇಳಿದಾಗ ಆಕೆ ಸೆರಗಿಗೆ ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಟ್ರೆ ಯಾರ ಹತ್ರ ಹೋಗೋದು ಮೇಡಂ? ರಿಪೇರಿಗೆ ದುಡ್ಡು ಸುರಿಯೋ ಹಂಗಿದ್ರೆ ನಮಗ್ ಬ್ಯಾಡ" ಎಂದಳು. ಎಷ್ಟು ನೇರವಾದ ಮಾತು! ಅವಳಿಗೆ ಪೆಟ್ಟಿಗೆ ಮುಖ್ಯವಾಗಿರಲಿಲ್ಲ. ಅದು ಕೆಟ್ಟ ದಿನ ತಾನು ಯಾರ ಮುಂದೆ ಕೈ ಒಡ್ಡಿ ನಿಲ್ಲಬೇಕು ಎಂಬುದು ಮುಖ್ಯವಾಗಿತ್ತು.

ಅದಕ್ಕೇ ಒಂದು ಕೆಲಸ ಮಾಡಿದೆವು. ಹುಡುಗ ಹಾಕಿದ್ದನ್ನೆಲ್ಲ ಅಳಿಸಿ, ಹುಡುಗಿಯನ್ನು ಕರೆದು ಕೂರಿಸಿ, ಅವಳ ಕೈಯಲ್ಲೇ ಮೊದಲಿನಿಂದ ಹಾಕಿಸಿದೆವು. ಅವನು ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದ, ಕೀಲಿಮಣೆ ಮುಟ್ಟಲಿಲ್ಲ. ಹಾರ್ಡ್ ಡಿಸ್ಕನ್ನು ಭಾಗ ಮಾಡುವ ಪುಟ ಬಂದಾಗ ಅವಳ ಬೆರಳು ನಿಂತುಬಿಟ್ಟಿತು. "ಒತ್ತು, ಏನೂ ಆಗಲ್ಲ. ಆದ್ರೆ ಮತ್ತೆ ಹಾಕಬಹುದು" ಎಂದ. ಅವಳು ಪ್ರತಿ ಹೆಜ್ಜೆಯನ್ನೂ ಮಾರ್ಜಿನ್ ಎಳೆದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೋಗುವಾಗ ಡಿ.ವಿ.ಡಿ.ಯನ್ನೂ ಕೊಟ್ಟೆವು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನೂ ಹೇಳಿದೆವು. ಆ ವರ್ಷದ ಡಿಸೆಂಬರಿನಲ್ಲಿ ಕರೆಂಟು ಹೋಗಿ ಬಂದಾಗ ಯಂತ್ರ ಮೇಲೇಳಲಿಲ್ಲವಂತೆ. ನನಗೆ ತಿಳಿದದ್ದು ವಾರದ ನಂತರ. ಅಷ್ಟು ಹೊತ್ತಿಗೆ ಅವಳು ನೋಟ್‌ಬುಕ್ ತೆರೆದುಕೊಂಡು ತಾನೇ ಮತ್ತೆ ಹಾಕಿ ಮುಗಿಸಿದ್ದಳು. ಅಂದೇ ಆ ಕಂಪ್ಯೂಟರು ನಿಜವಾಗಿ ಅವಳದಾಯಿತು ಎಂದು ನನ್ನ ಭಾವನೆ.

ಈ ಕಥೆಗೆ ಒಂದು ಕಹಿ ತುದಿಯೂ ಇದೆ. 2025ರ ಆಗಸ್ಟ್ 9ರಂದು ಡೆಬಿಯನ್ 13 ಬಂತು. ಹುಡುಗಿ ನನಗೆ ಹೇಳಿದಳು: "ಮೇಡಂ, ನಮ್ಮ ಕಂಪ್ಯೂಟರಿನಂಥದ್ದಕ್ಕೆ ಇದನ್ನ ಹಾಕೋಕಾಗಲ್ಲ. 32 ಬಿಟ್ಟಿನ ಹಳೇ ಯಂತ್ರಗಳನ್ನ ಅವರೂ ಕೈಬಿಟ್ರು." ಅದೇ ವರ್ಷದ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಹಾಗಿದ್ದರೆ ಇಬ್ಬರೂ ಒಂದೇ ಅಲ್ಲವೇ, ಧರ್ಮಕ್ಕೆ ಕೊಟ್ಟವರೂ ಕೊನೆಗೆ ಕೈ ಬಿಟ್ಟರಲ್ಲ ಎಂದು ಕೇಳಬಹುದು.

ಒಂದೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಸಂಬಳವಿಲ್ಲದೆ ದುಡಿಯುವವರ ಕೈಗಳೂ ಲೆಕ್ಕಕ್ಕೆ ಸಿಗುವಷ್ಟೇ ಇರುತ್ತವೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಬಡಿಸುತ್ತಲೇ ಇರು ಎಂದು ಅಡುಗೆಯವಳಿಗೆ ಹೇಳುವುದು ನ್ಯಾಯವಲ್ಲ. ಆದರೆ ಸುಸ್ತಾದವಳು ಸೌಟು ಕೆಳಗಿಟ್ಟು ಹೋಗುವುದಕ್ಕೂ, ಅಡುಗೆಮನೆಗೆ ಬೀಗ ಹಾಕಿಕೊಂಡು ಹೋಗುವುದಕ್ಕೂ ವ್ಯತ್ಯಾಸವಿದೆ. ಡೆಬಿಯನ್ನಿನವರು ಬರೆದದ್ದೆಲ್ಲ ತೆರೆದೇ ಇದೆ. ಮನಸ್ಸೂ ಶಕ್ತಿಯೂ ಇದ್ದವರು ಅದನ್ನು ಎತ್ತಿಕೊಂಡು ಮುಂದುವರಿಸಬಹುದು. ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ತಂಡ ಇಂಥ ಹಳೆಯ ಯಂತ್ರಗಳನ್ನು ಇನ್ನೂ ಕೈಬಿಟ್ಟಿಲ್ಲ. ಹುಡುಗಿ ಈಗ ಅದನ್ನು ಓದುತ್ತಿದ್ದಾಳೆ. ಆ ಪೆಟ್ಟಿಗೆ ಶಾಶ್ವತವಲ್ಲ ಎಂಬುದು ಅವಳಿಗೆ ಗೊತ್ತು. ಒಂದು ದಿನ ಅದು ನಿಜವಾಗಿಯೇ ಸವೆದು ನಿಲ್ಲುತ್ತದೆ. ಅದಕ್ಕೆ ಬೇಸರವಿಲ್ಲ, ಸವೆದು ಮುಗಿಯುವುದು ಎಲ್ಲಕ್ಕೂ ಇರುವ ಗತಿ. ಸವೆಯುವ ಮೊದಲೇ ಮುಗಿಯಿತು ಎಂದು ಹೊರಗಿನವರು ಹೇಳಿ, ನಾವು ತಲೆಯಾಡಿಸುವುದು ಮಾತ್ರ ಬೇಡ.

ಹೆಂಗಸರಾದ ನಾವು ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರವಾಗಿರಬೇಕು. ನಮಗೆ ಸಿಗುವ ಎಷ್ಟೋ ಉಡುಗೊರೆಗಳು ಬೀಗದ ಕೈ ಇಲ್ಲದವು. ಸೈಟು ಹೆಂಡತಿಯ ಹೆಸರಿನಲ್ಲಿ, ಪತ್ರ ಗಂಡನ ಬೀರುವಿನಲ್ಲಿ. ಬ್ಯಾಂಕಿನ ಖಾತೆ ತಾಯಿಯದು, ಎ.ಟಿ.ಎಂ. ಕಾರ್ಡಿನ ನಂಬರು ಮಗನಿಗೆ ಗೊತ್ತು. ದುಬಾರಿ ಫೋನು ಕೊಡಿಸಿರುತ್ತಾರೆ, ಆದರೆ ಏನಾದರೂ ಆದರೆ "ನಿನಗೆ ಗೊತ್ತಾಗಲ್ಲ, ಇಲ್ಲಿ ಕೊಡು" ಎನ್ನುತ್ತಾರೆ. ಅವರಿಗೆ ನಮ್ಮ ಮೇಲೆ ಪ್ರೀತಿ ಇಲ್ಲವೆಂದಲ್ಲ. ನಾವೂ ನಮ್ಮ ಸೊಸೆಯಂದಿರಿಗೆ, ಮಕ್ಕಳಿಗೆ, ಶಾಲೆಯಲ್ಲಿ ಶಿಷ್ಯರಿಗೆ ಕೊಡುವುದು ಅನೇಕ ಸಾರಿ ಹೀಗೆಯೇ. ಉತ್ತರ ಬರೆಸುತ್ತೇವೆ, ಉತ್ತರ ಹುಡುಕುವ ದಾರಿ ಹೇಳುವುದಿಲ್ಲ. ಹೇಳಿಬಿಟ್ಟರೆ ನಮ್ಮ ಅಗತ್ಯವೇ ಇರುವುದಿಲ್ಲವೇನೋ ಎಂಬ ಅಳುಕು ಒಳಗೆಲ್ಲೋ ಇರುತ್ತದೆ.

ಆದರೆ ಕೊಡುವುದರ ಕೊನೆಯ ಹೆಜ್ಜೆ ಅದೇ ಅಲ್ಲವೇ? ತೆಗೆದುಕೊಂಡವರು ನಮ್ಮನ್ನು ಕೇಳದೆ ಅದನ್ನು ತೆರೆಯಬಹುದು, ಕೆಡಿಸಬಹುದು, ಸರಿಪಡಿಸಬಹುದು, ಇನ್ನೊಬ್ಬರಿಗೆ ಕೊಡಬಹುದು. ಅಷ್ಟಾದರೆ ಕೊಟ್ಟದ್ದು ಪೂರ್ತಿಯಾಯಿತು. ಆ ಹುಡುಗಿ ಈಗ ತನ್ನ ಬೀದಿಯ ಟೈಲರ್ ಅಂಗಡಿಯ ಹಳೆಯ ಲ್ಯಾಪ್‌ಟಾಪಿಗೆ ಇದೇ ಕೆಲಸ ಮಾಡಿಕೊಟ್ಟಿದ್ದಾಳೆ. ನೋಟ್‌ಬುಕ್ಕಿನ ಒಂದು ಪ್ರತಿಯನ್ನೂ ಬರೆದು ಕೊಟ್ಟಳಂತೆ.